‘ನಂಗೇನೂ ಆಗಿಲ್ಲ, ಮನಿಗೆ ಹೋಗೂಣ’ ಅಂತ ಪೇಷಂಟ್ ಹಟ ಹಿಡಿದಾಗ

ಆಗಸ್ಟ್ ತಿಂಗಳು, ನೆಲ್ಲು ನಾಟಿ ಜೋರಾಗಿ ನಡೀತಿದ್ದ ಹೊತ್ತು. ಗಂಗಾವತಿ ಕಡೆಯ ಒಂದು ಕಾಲುವೆ ದಂಡೆ ಮೇಲೆ ನಮ್ಮ ಆಂಬುಲೆನ್ಸ್ ನಿಂತಿತ್ತು. ನಲವತ್ತರ ಆಸುಪಾಸಿನ ರೈತ. ಎಡ ಹಿಮ್ಮಡಿಯ ಮೇಲೆ ಎರಡು ಚುಕ್ಕೆ, ಸುತ್ತ ಊತ. ಹೆಂಡತಿ ಟವೆಲ್ ಹರಿದು ಮೊಣಕಾಲ ಕೆಳಗೆ ಬಿಗಿದಿದ್ದಳು. ಸುತ್ತ ಇಪ್ಪತ್ತು ಮಂದಿ ಸೇರಿ ಒಂದೇ ಸಮ ಬೈತಾ ಇದ್ದಾರೆ, ಈತ ಮಾತ್ರ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು "ಬರಂಗಿಲ್ಲ ಅಂದ್ರ ಬರಂಗಿಲ್ಲ" ಅಂತಿದ್ದಾನೆ. ಹತ್ತು ನಿಮಿಷ ಹೀಗೇ ಹೋಯ್ತು. ನಾನೂ ಅವರ ಜೊತೆ ಸೇರಿ ಹಾವು, ವಿಷ, ಕಿಡ್ನಿ ಅಂತೆಲ್ಲ ಹೆದರಿಸಿದೆ. ಏನೂ ಆಗಲಿಲ್ಲ. ಕೊನೆಗೆ ಸುಸ್ತಾಗಿ ಪಕ್ಕದಲ್ಲಿ ಕೂತು ಕೇಳಿದೆ, "ಅಣ್ಣಾ, ಏನ್ ಬ್ಯಾಡ ನಿಮಗ? ಸೂಜಿ ಬ್ಯಾಡೋ, ಗಾಡಿ ಬ್ಯಾಡೋ, ಆಸ್ಪತ್ರಿ ಬ್ಯಾಡೋ?"

"ಇವತ್ತ ರಾತ್ರಿ ನಮ್ ನೀರಿನ ಪಾಳಿ ಐತ್ರಿ," ಅಂದ. "ಬಿಟ್ರ ಸಸಿ ಒಣಗ್ತಾವು."

ಪಕ್ಕದ ಹೊಲದ ಹುಡುಗ "ನಾ ಕಟ್ತೀನಿ ನಡಿ ಮಾವ" ಅಂದ. ಆತ ಎದ್ದು ಗಾಡಿ ಹತ್ತಿದ. ಅಷ್ಟೇ.

ಆಂಬುಲೆನ್ಸ್‌ನಲ್ಲಿ ಒಂದಷ್ಟು ವರ್ಷ ಕಳೆದು, ಈಗ ತಾಲೂಕು ಆಸ್ಪತ್ರೆಯೊಂದರ ಕ್ಯಾಜುವಲ್ಟಿಯಲ್ಲಿ ಕೆಲಸ ಮಾಡ್ತಿದ್ದೇನೆ. ‘ಬೇಡ’ ಅಂದವರನ್ನ ವಾರಕ್ಕೊಮ್ಮೆಯಾದರೂ ನೋಡ್ತೀನಿ. ಅವರಲ್ಲಿ ಚಿಕಿತ್ಸೆಯೇ ಬೇಡ ಅಂದವರು ತೀರಾ ಕಡಿಮೆ. ಬೇಡ ಅನ್ನೋದು ಬೇರೆ ಯಾವುದಕ್ಕೋ, ಬಾಯಿಗೆ ಬರೋದು ಮಾತ್ರ ಆಸ್ಪತ್ರೆ. ನಿಮ್ಮ ಮನೆಯಲ್ಲಿ ಇಂಥ ಹೊತ್ತು ಬಂದರೆ ಏನು ಮಾಡಬೇಕು ಅಂತ ಮನೆಯವರಿಗೋಸ್ಕರ ಬರೀತಿದ್ದೇನೆ. ನಾಳೆ ನೀವೇ ಪೇಷಂಟ್ ಆಗಿ ‘ಬೇಡ’ ಅನ್ನೋದಾದರೂ ಇದು ಕೆಲಸಕ್ಕೆ ಬರುತ್ತೆ.

ಒಂದು: ಒಪ್ಪಿಗೆಗೆ ಕಾಯಬೇಡಿ, ಮೊದಲು ಫೋನ್ ಮಾಡಿ

ನಮ್ಮ ಕಡೆ ಆಗೋದು ಉಲ್ಟಾ. ಅರ್ಧ ಗಂಟೆ ಜಗಳ, ಪೇಷಂಟ್ ‘ಹೂಂ’ ಅಂದ ಮೇಲೆ ಫೋನ್, ಆಮೇಲೆ ಗಾಡಿಗೆ ಕಾಯೋದು. ದೇವದುರ್ಗ, ಕುಷ್ಟಗಿ ಕಡೆಯ ಒಳಗಿನ ಹಳ್ಳಿಗೆ ಗಾಡಿ ಬರೋಕೇ ಹೊತ್ತು ಹಿಡಿಯುತ್ತೆ. ಆ ಹೊತ್ತನ್ನೇ ಮಾತಿಗೆ ಬಳಸಿಕೊಳ್ಳಿ. 108 ಸೇವೆ ಕರ್ನಾಟಕದಲ್ಲಿ 2008ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಗಾಡಿ ಬಂದ ಮಾತ್ರಕ್ಕೆ ಹತ್ತಲೇಬೇಕು ಅಂತೇನೂ ಇಲ್ಲ. ಬಂದವರು ಬಿ.ಪಿ., ಶುಗರ್, ಆಕ್ಸಿಜನ್ ನೋಡ್ತಾರೆ, ಆಗಲೂ ಬೇಡ ಅನ್ನಬಹುದು. ಫೋನಿನಲ್ಲಿ ಊರು, ಗುರುತಿನ ಜಾಗ ಹೇಳೋದರ ಜೊತೆಗೆ "ಪೇಷಂಟ್ ಬರಲ್ಲ ಅಂತಿದ್ದಾರೆ" ಅನ್ನೋದನ್ನೂ ಹೇಳಿಬಿಡಿ. ಬರುವವರು ಅದಕ್ಕೆ ತಯಾರಾಗಿ ಬರ್ತಾರೆ.

ಎರಡು: ‘ಬೇಡ’ ಅಂತಿರೋದು ಅವರೋ, ಕಾಯಿಲೆಯೋ?

ಈ ಮೆಟ್ಟಿಲಲ್ಲಿ ಎಡವುವವರೇ ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಸಿಂಧನೂರು ಕಡೆಯ ಒಬ್ಬ ಕಿರಾಣಿ ಅಂಗಡಿಯವರು. ತಣ್ಣಗಿನ ಮನುಷ್ಯ, ಎಲ್ಲರಿಗೂ ‘ರೀ’ ಹಚ್ಚಿ ಮಾತಾಡೋರು. ಅವತ್ತು ನಾವು ಹೋದಾಗ ಹೆಂಡತಿಗೆ ಬಾಯಿಗೆ ಬಂದಂಗೆ ಬೈತಿದ್ದರು, ನನ್ನ ಕೈಯಲ್ಲಿದ್ದ ಬಿ.ಪಿ. ಪಟ್ಟಿ ಕಿತ್ತು ಎಸೆದರು. ಅಂಗಿ ಬೆವರಿಗೆ ತೊಪ್ಪೆ. ಓಣಿಯವರು "ಕುಡಿದಾನ ಬಿಡ್ರಿ" ಅಂದರು. ಬೆರಳು ಚುಚ್ಚಿ ನೋಡಿದರೆ ಶುಗರ್ 38. ಬೆಳಿಗ್ಗೆ ಮಾತ್ರೆ ನುಂಗಿ ಊಟ ಬಿಟ್ಟಿದ್ದರು. ಮೂವರು ಹಿಡಿದುಕೊಂಡು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟೆವು. ನಾಲ್ಕೈದು ನಿಮಿಷ ಆಗಿರಬಹುದು. ಮುಖ ಒರೆಸಿಕೊಂಡು ಎದ್ದು ಕೂತು, "ಯಾಕ್ರೀ ಇಷ್ಟ್ ಮಂದಿ ಬಂದೀರಿ? ಚಾ ಮಾಡ್ಸೂದಾ?" ಅಂತ ಕೇಳಿದರು.

ಮೊದಲಿನ ಆ ‘ಬೇಡ’ ಅವರದಲ್ಲ, ಸಕ್ಕರೆ ಕಡಿಮೆಯಾದ ಮಿದುಳಿನದು. ಅದಕ್ಕೆ ಬೆಲೆ ಕೊಟ್ಟು ನಾವು ವಾಪಸ್ ಬಂದಿದ್ದರೆ ಆ ಮನುಷ್ಯ ಉಳಿಯುತ್ತಿರಲಿಲ್ಲ. ಚಾ ಕುಡಿಸಿದ ಮೇಲೆ "ಆಸ್ಪತ್ರಿ ಬ್ಯಾಡ್ರಿ" ಅಂದರಲ್ಲ, ಆ ಎರಡನೇ ‘ಬೇಡ’ ಅವರದೇ. ಅದನ್ನ ಹಿಡಿದು ಕಟ್ಟಿ ಮುರಿಯುವಂತಿಲ್ಲ, ಮಾತಿನಿಂದಲೇ ಬದಲಾಗಬೇಕು. ಅವರು ನುಂಗಿದ್ದು ಗ್ಲಿಮೆಪಿರೈಡ್ ಜಾತಿಯ ಮಾತ್ರೆ. ಅದು ಗಂಟೆಗಟ್ಟಲೆ ಕೆಲಸ ಮಾಡ್ತಾನೇ ಇರುತ್ತೆ, ಗ್ಲೂಕೋಸ್ ಕರಗಿದ ಮೇಲೆ ರಾತ್ರಿ ನಿದ್ದೆಯಲ್ಲೇ ಮತ್ತೆ ಶುಗರ್ ಇಳಿಯಬಹುದು. ಹೀಗೆ ಅಂತ ಬಿಡಿಸಿ ಹೇಳಿದ ಮೇಲೆ ಒಂದು ದಿನ ಇರೋಕೆ ಒಪ್ಪಿದರು.

ತಲೆ ಸರಿಯಾಗಿದೆಯಾ ಅಂತ ತಿಳಿಯೋಕೆ "ಇವತ್ತು ಯಾವ ವಾರ, ಇದು ಯಾವ ಊರು" ಅಂತ ಕೇಳಿದರೆ ಸಾಲದು. ನಾಲ್ಕು ಮಾತು ಕೇಳಿ. ನಿಮಗೆ ಏನಾಗಿದೆ ಅಂತ ಡಾಕ್ಟರು ಹೇಳಿದರು? ಏನು ಮಾಡೋಣ ಅಂತಿದ್ದಾರೆ? ಮಾಡಿಸದಿದ್ದರೆ ಏನಾಗಬಹುದು? ಹಾಗಿದ್ದೂ ಯಾಕೆ ಬೇಡ? ಉತ್ತರ ಅವರದೇ ಮಾತಲ್ಲಿ ಬರಬೇಕು. "ಹೂಂ, ಗೊತ್ತೈತಿ" ಅಂದರೆ ಅದು ಉತ್ತರವಲ್ಲ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದಾಗಲೂ ಅದೇ ಉತ್ತರ ಬಂದರೆ, ಅವರು ತಿಳಿದೇ ಹೇಳ್ತಿದ್ದಾರೆ. ಆ ಕಾರಣ ನಿಮಗೆ ಹುಚ್ಚು ಅನ್ನಿಸಬಹುದು. ಅನ್ನಿಸಲಿ. ಒಪ್ಪದ ಕಾರಣ ಕೊಟ್ಟರು ಅಂತ ತಲೆ ಕೆಟ್ಟಿದೆ ಅನ್ನೋಕಾಗಲ್ಲ.

ತಲೆಗೆ ಪೆಟ್ಟು ಬಿದ್ದು ಮಾತು ತೊದಲುವವರು, ಆಗಷ್ಟೇ ಫಿಟ್ಸ್ ಬಂದು ಎದ್ದವರು, ತುಟಿ ನೀಲಿಯಾಗಿ ಉಸಿರು ಕಟ್ಟಿದವರು, ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಮೈ ಕೆಂಡವಾಗಿ ಏನೇನೋ ಮಾತಾಡುವವರು, ಇವರ ‘ಬೇಡ’ವನ್ನ ನಂಬಬೇಡಿ. ಕುಡಿದವರ ವಿಷಯ ಸ್ವಲ್ಪ ಬೇರೆ. ಎರಡು ಪೆಗ್ ಹಾಕಿದ ಮಾತ್ರಕ್ಕೆ ತೀರ್ಮಾನಿಸೋ ಶಕ್ತಿ ಹೋಗಲ್ಲ. ಆದರೆ ಕುಡಿದು ಬೈಕಿನಿಂದ ಬಿದ್ದವರು ತೂರಾಡ್ತಿದ್ದರೆ ಅದು ಎಣ್ಣೆಯ ಅಮಲೋ ತಲೆಯೊಳಗಿನ ರಕ್ತವೋ ಅಂತ ಸ್ಕ್ಯಾನ್ ಇಲ್ಲದೆ ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ಲಕ್ವಾ ಹೊಡೆದು ಮಾತು ನಿಂತವರು ತಲೆ ಅಲ್ಲಾಡಿಸಿದರೆ ಅದು ಹೂಂ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ಅಲ್ಲಿ ಗಡಿಯಾರ ನೋಡಿ. ರಕ್ತದ ಗಡ್ಡೆ ಕರಗಿಸುವ ಸೂಜಿಗೆ ನಾಲ್ಕೂವರೆ ಗಂಟೆ ಮಾತ್ರ ಅವಕಾಶ, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು.

ಇನ್ನೊಂದು, ಭಾಷೆ. ನಮ್ಮ ಕಡೆಯ ಜಿಲ್ಲೆಗಳಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಮಾತಿನವರು ಎಷ್ಟು ಜನ! ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡೋರಿದ್ದಾರೆ. ಸಂತೆಗೆ ಸಾಕಾಗುವ ಕನ್ನಡ ಆಪರೇಷನ್ ಮಾತಿಗೆ ಸಾಕಾಗಲ್ಲ. ಮನೆಮಾತಿನಲ್ಲಿ ಒಮ್ಮೆ ಹೇಳಿಸಿ ನೋಡಿ. ಹಟ ಅಂದುಕೊಂಡಿದ್ದು ಅರ್ಥವಾಗದ ಗಾಬರಿ ಆಗಿರುತ್ತೆ, ಎಷ್ಟೋ ಸಲ.

ಮೂರು: ಯಾವುದು ಬೇಡ ಅಂತ ಕೇಳಿ

ಆ ರೈತನಿಗೆ ಕೇಳಿದೆನಲ್ಲ, ಅದೇ ಪ್ರಶ್ನೆ. ನಾನು ಕೇಳಿದ ಉತ್ತರಗಳು ಇಂಥವು: ಎಮ್ಮೆ ಹಿಂಡೋರಿಲ್ಲ. ಇವತ್ತಿನ ಕೂಲಿ ಹೋಗ್ತದ. ಗಂಡಸು ಡಾಕ್ಟರ ಮುಂದೆ ಸೀರೆ ಸರಿಸೋಕೆ ನಾಚಿಕೆ. ರೋಜಾ ಇದ್ದೀನಿ, ಸಲಾಯಿನ್ ಬೇಡ. ದೊಡ್ಡಾಸ್ಪತ್ರೆಗೆ ರೆಫರ್ ಆದೋರು ತಿರುಗಿ ಬರಂಗಿಲ್ಲ. ಪೊಲೀಸ್ರು ಬರ್ತಾರ. ಕಾರ್ಖಾನೆಯಲ್ಲಿ ಪೆಟ್ಟಾಗಿದ್ದು ಆಸ್ಪತ್ರೆ ಚೀಟಿಯಲ್ಲಿ ಬಂದ್ರ ಠೇಕೇದಾರ ನಾಳೆ ಕೆಲಸಕ್ಕ ಕರೆಯಂಗಿಲ್ಲ.

ಇವಕ್ಕೆಲ್ಲ ಒಂದೇ ಮಾತ್ರೆ ಇಲ್ಲ. ಎಮ್ಮೆಗೆ ಪಕ್ಕದ ಮನೆಯವರು, ನಾಚಿಕೆಗೆ ಹೆಣ್ಣು ಸಿಬ್ಬಂದಿ, ರೋಜಾಕ್ಕೆ ಅವರೇ ನಂಬುವ ಮೌಲ್ವಿಗೆ ಒಂದು ಫೋನ್. ಮೂರ್ನಾಲ್ಕು ಕಾರಣಗಳಿಗೆ ಮಾತ್ರ ನಿಮ್ಮ ಕೈಲಿ ಖಚಿತ ಮಾಹಿತಿ ಇರಬೇಕು.

ದುಡ್ಡು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಚೀಟಿಗಾಗಿ ಓಡಾಡಬೇಕಿಲ್ಲ, ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರ ಹೋಗಬಹುದು. ರೇಷನ್ ಕಾರ್ಡು, ಆಧಾರ್ ಎರಡನ್ನೂ ಹೊರಡುವಾಗಲೇ ಜೇಬಿಗೆ ಹಾಕಿಕೊಳ್ಳಿ. ಖಾಸಗಿ ಆಸ್ಪತ್ರೆಯವರು ತುರ್ತು ಸ್ಥಿತಿಯಲ್ಲಿ "ಮೊದಲು ಅಡ್ವಾನ್ಸ್ ಕಟ್ಟಿ" ಅಂತ ಪೇಷಂಟನ್ನ ಹೊರಗೆ ನಿಲ್ಲಿಸುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹಾಗೆ ಹೇಳುತ್ತೆ. ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತದ ಗಡ್ಡೆ ಕರಗಿಸುವ, ಬೆಲೆಬಾಳುವ ಟೆನೆಕ್ಟೆಪ್ಲೇಸ್ ಸೂಜಿಯನ್ನ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡ್ತಾರೆ. ಇಷ್ಟು ಹೇಳಿದರೆ ಎಷ್ಟೋ ಅಜ್ಜಂದಿರ ‘ಗ್ಯಾಸು’ ತಟ್ಟನೆ ಎದೆನೋವಾಗಿಬಿಡುತ್ತೆ! ಮಗನಿಗೆ ಖರ್ಚಾಗುತ್ತೆ ಅಂತ ಅಲ್ಲಿಯವರೆಗೆ ಅದು ಗ್ಯಾಸಾಗಿತ್ತು.

ಪೊಲೀಸ್. ಅಪಘಾತ, ಹೊಡೆದಾಟ, ವಿಷ ಇಂಥದ್ದಕ್ಕೆ ಆಸ್ಪತ್ರೆಯವರು ಎಂ.ಎಲ್.ಸಿ. ಬರೀತಾರೆ. ಅಂದರೆ ಠಾಣೆಗೆ ತಿಳಿಸ್ತಾರೆ. ಅದು ಪೇಷಂಟ್ ಮೇಲೆ ಹಾಕುವ ಕೇಸಲ್ಲ, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸೋದೂ ಇಲ್ಲ. ಮೊದಲು ಜೀವ ಉಳಿಸಿ, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರಾ ತೀರ್ಪಿನಲ್ಲೇ ಹೇಳಿದೆ. ದಾರಿಯಲ್ಲಿ ಬಿದ್ದವರನ್ನ ಕರೆತಂದ ಅಪರಿಚಿತರಿಗೂ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ.

‘ಎಣ್ಣಿ’ ಕುಡಿದವರು. ಹೊಲಕ್ಕೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣಿ ಅಂತಲೇ ಅನ್ನೋದು, ಗೊತ್ತಲ್ಲ. ಇವರು ಬೇಡ ಅಂದರೆ ಅದನ್ನ ತಿಳಿದು ಹೇಳಿದ ಮಾತು ಅಂತ ತಗೋಬೇಡಿ. ಇಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದಾರೆ ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಶಿಕ್ಷೆ ಹೇಳುತ್ತಿದ್ದ ಹಳೇ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಮನೆಯವರು "ಕೇಸ್ ಆಗ್ತದ" ಅಂತ ಮುಚ್ಚಿಡಬೇಡಿ. ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟ್ಲಿಯನ್ನ ಜೊತೆಗೆ ತನ್ನಿ. ಅವರನ್ನ ಒಬ್ಬರೇ ಬಿಡಬೇಡಿ. ಮೊದಲ ದಿನ ಆರಾಮಾಗಿ ಓಡಾಡಿದರು ಅಂತ ಮೋಸ ಹೋಗಬೇಡಿ, ಕೆಲವು ವಿಷಗಳು ಎರಡು ಮೂರು ದಿನ ಸುಮ್ನಿದ್ದು ಆಮೇಲೆ ಲಿವರನ್ನೋ ಉಸಿರನ್ನೋ ಹಿಡಿಯುತ್ತವೆ. ಜೀವ ಉಳಿದ ಮೇಲಿನ ಮಾತಿಗೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ಹಗಲೂ ರಾತ್ರಿ. ಇನ್ನು ಹತ್ತಿಗೋ ಮೆಣಸಿನಕಾಯಿಗೋ ಎಣ್ಣಿ ಹೊಡೆಯುವಾಗಲೇ ತಲೆ ತಿರುಗಿ, ಜೊಲ್ಲು ಸುರಿದು, ಬೆವತು ಬಿದ್ದವರು "ಬಿಸಿಲಿಗೆ ಆಗಿದ್ದು" ಅಂತಾರೆ. ಬಿಸಿಲಿಗಲ್ಲ. ಚರ್ಮದಿಂದಲೂ ವಿಷ ಇಳಿಯುತ್ತೆ. ಬಟ್ಟೆ ತೆಗೆಸಿ, ಸೋಪು ಹಚ್ಚಿ ಮೈ ತೊಳೆದು ಕರೆತನ್ನಿ.

ನಾಟಿ ಔಷಧಿ. "ನಮ್ಮೂರ ತಾತ ಎಷ್ಟು ಮಂದಿಗೆ ಹಾವಿನ ವಿಷ ಇಳಿಸ್ಯಾನ" ಅಂತ ಹೇಳ್ತಾರೆ. ಸುಳ್ಳು ಅಂತ ವಾದಿಸೋಕೆ ಹೋಗಬೇಡಿ, ಆ ಮಂದಿ ಬದುಕಿದ್ದು ನಿಜವೇ. ವಿಷದ ಹಾವೂ ಎಲ್ಲ ಸಲ ಕಚ್ಚಿದಾಗಲೂ ವಿಷ ಬಿಡಲ್ಲ, ಎಷ್ಟೋ ಸಲ ಕಚ್ಚಿದ್ದು ವಿಷವಿಲ್ಲದ ಹಾವೇ ಆಗಿರುತ್ತೆ. ಅಂಥವರು ತಾತನ ಹತ್ತಿರ ಹೋಗದಿದ್ದರೂ ಬದುಕುತ್ತಿದ್ದರು. ಕೊಳಕುಮಂಡಲ ಪೂರ್ತಿ ವಿಷ ಇಳಿಸಿದವರು ಯಾವ ತಾತನ ಲೆಕ್ಕದಲ್ಲೂ ಇರಲ್ಲ, ಅವರು ಆಮೇಲೆ ಡಯಾಲಿಸಿಸ್ ವಾರ್ಡಿನಲ್ಲಿ ಸಿಗ್ತಾರೆ. ಕಟ್ಟುಹಾವು ಕಚ್ಚಿದರೆ ನೋವೂ ಇರಲ್ಲ, ಊತವೂ ಇರಲ್ಲ, ಮಲಗಿದ್ದವರಿಗೆ ಬೆಳಗಾಗುವಷ್ಟರಲ್ಲಿ ರೆಪ್ಪೆ ಎತ್ತೋಕಾಗಲ್ಲ, ಆಮೇಲೆ ಉಸಿರಾಡೋಕೂ ಆಗಲ್ಲ. ಹೀಗೆ ಹೇಳಿ ನೋಡಿ: "ತಾತನ ಬೇರು ಆಮೇಲೆ ಕಟ್ಟಿಸಿಕೊಳ್ಳೋಣ, ಮೊದಲು ರಕ್ತ ತೋರಿಸೋಣ." ಹಾವಿನ ವಿಷಕ್ಕೆ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕಾಲಿಗೆ ಬಿಗಿದು ಕಟ್ಟಬೇಡಿ. ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಕಿತ್ತು ಬಿಸಾಕಲೂ ಬೇಡಿ, ಆಸ್ಪತ್ರೆಯವರು ನೋಡಿಕೊಂಡು ಬಿಚ್ಚುತ್ತಾರೆ.

ನಾಲ್ಕು: ಮಂದಿ ಕಳಿಸಿ, ಕೂತು ಮಾತಾಡಿ

ಹದಿನೈದು ಮಂದಿ ಮುಂದೆ ಒಮ್ಮೆ ‘ಒಲ್ಲೆ’ ಅಂದ ಗಂಡಸು ಅದೇ ಹದಿನೈದು ಮಂದಿ ಮುಂದೆ ‘ಹೂಂ’ ಅನ್ನಲ್ಲ. ಮರ್ಯಾದೆ ಪ್ರಶ್ನೆ. ಆದ್ದರಿಂದ ಮಂದಿಯನ್ನ ಕಳಿಸಿ, ನೀರು ತರೋಕೋ, ಗಾಡಿಗೆ ದಾರಿ ತೋರಿಸೋಕೋ. ಒಬ್ಬರೇ ಕೂತು ಮಾತಾಡಿ, ನಿಂತುಕೊಂಡಲ್ಲ. ಯಾರ ಮಾತು ಕೇಳ್ತಾರೆ ಅಂತ ಅವರನ್ನೇ ಕೇಳಿ. ಹೆಂಡತಿ ಅಳುತ್ತಾ ನಿಂತಿರ್ತಾಳೆ, ಕೆಲಸ ಆಗೋದು ಮಾತ್ರ ಬೆಂಗಳೂರಲ್ಲಿರುವ ಮಗಳ ಒಂದು ಫೋನಿನಿಂದ.

"ಸಾಯ್ತೀಯ ನೋಡು" ಅನ್ನೋದನ್ನ ಬಿಡಿ. ಕಣ್ಣಿಗೆ ಕಾಣೋದನ್ನ ತೋರಿಸಿ. ಅದೇ ಗಂಗಾವತಿ ಕಡೆಯ ರೈತ ಆಸ್ಪತ್ರೆಗೆ ಬಂದ ಮೇಲೆ ಮತ್ತೆ ತಕರಾರು ತೆಗೆದ, "ಊತ ಅಷ್ಟೇ ಐತಿ, ಸಲಾಯಿನ್ ಯಾಕ?" ಅಲ್ಲಿದ್ದ ಸಿಸ್ಟರ್ ಏನೂ ವಾದ ಮಾಡಲಿಲ್ಲ. ಒಂದು ಒಣ ಗಾಜಿನ ಟ್ಯೂಬಿಗೆ ಅವನದೇ ರಕ್ತ ಸ್ವಲ್ಪ ಹಾಕಿ, ಅವನ ಕಣ್ಣೆದುರೇ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗೋಡೆ ಗಡಿಯಾರ ತೋರಿಸಿದಳು. "ಇಪ್ಪತ್ತು ನಿಮಿಷಕ್ಕ ಮೊಸರಿನಂಗ ಗಟ್ಟಿ ಆಗ್ಬೇಕ್ರಿ ಇದು. ಮುಟ್ಟಬ್ಯಾಡ್ರಿ, ನೋಡ್ಕೋತ ಕುಂದ್ರಿ." ಕೂತ. ಇಪ್ಪತ್ತನೇ ನಿಮಿಷಕ್ಕೆ ಟ್ಯೂಬನ್ನ ಅವನ ಕೈಗೇ ಕೊಟ್ಟು ವಾಲಿಸು ಅಂದಳು. ರಕ್ತ ನೀರಿನ ಹಾಗೆ ಗಾಜಿನ ಉದ್ದಕ್ಕೂ ಹರಿದು ಬಂತು. ಆತ ಅದನ್ನ ಇನ್ನೊಮ್ಮೆ ವಾಲಿಸಿ ನೋಡಿ, ಏನೂ ಮಾತಾಡದೆ ಇನ್ನೊಂದು ಕೈ ಚಾಚಿದ.

ಪೂರ್ತಿ ಒಪ್ಪದವರಿಗೆ ಚಿಕ್ಕದೊಂದು ಕೇಳಿ. ಅಡ್ಮಿಟ್ ಬೇಡವಾ, ಸರಿ, ಇಸಿಜಿ ಒಂದು ತೆಗೆಸೋಣ, ಐದು ನಿಮಿಷದ ಕೆಲಸ. ಸ್ಕ್ಯಾನ್ ಬೇಡವಾ, ನಾಲ್ಕು ಗಂಟೆ ಇಲ್ಲೇ ಬೆಂಚಿನ ಮೇಲೆ ಇರಿ. ಒಂದನ್ನ ಬೇಡ ಅಂದವರಿಗೆ ಉಳಿದದ್ದನ್ನೂ ಕೊಡಲ್ಲ ಅಂತ ಯಾರೂ ಹೇಳುವಂತಿಲ್ಲ. ನಾಳೆ ಬೆಳಿಗ್ಗೆ ಬಾ ಅನ್ನೋದೂ ಪೂರಾ ಕೈ ಬಿಡೋದಕ್ಕಿಂತ ವಾಸಿ.

ಸುಳ್ಳು ಮಾತ್ರ ಹೇಳಬೇಡಿ. ನಾನು ಹೇಳಿದ್ದೇನೆ. ಅರವತ್ತು ದಾಟಿದ ಒಬ್ಬ ಅಮ್ಮನಿಗೆ ಎದೆ ಭಾರ, ದವಡೆ ನೋವು. "ಬರೇ ಬಿ.ಪಿ. ನೋಡಿ ಕಳಿಸ್ತೀವಿ ಯವ್ವಾ" ಅಂತ ಹತ್ತಿಸಿಕೊಂಡೆ. ಆಸ್ಪತ್ರೆಯಲ್ಲಿ ಅಡ್ಮಿಟ್ ಅಂದ ತಕ್ಷಣ ಆಕೆ ಎದೆಯ ಮೇಲಿನ ವೈರು ಒಂದೊಂದೇ ಕಿತ್ತು ಮಂಚದ ಮೇಲಿಟ್ಟು, ನನ್ನನ್ನೇ ನೋಡ್ತಾ, ನಡೆದು ಹೊರಟುಹೋದಳು. ನಿಜ ಹೇಳಿದ್ದರೆ ಇರುತ್ತಿದ್ದಳೋ ಏನೋ. ಆಮೇಲೆ ಆ ಓಣಿಗೆ ಇನ್ನೊಂದು ಕೇಸಿಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿದರು.

ಐದು: ಯಾರ ಮಾತು ನಡೆಯುತ್ತೆ?

ಹದಿನೆಂಟು ತುಂಬಿದ, ತಲೆ ಸರಿಯಿರುವ ಯಾರೇ ಆಗಲಿ, ಅವರ ಮೈಗೆ ಅವರೇ ಯಜಮಾನರು. ಅವರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಮಾಡುವಂತಿಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಅಂತ ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಹೆಣ್ಣುಮಗಳು ಅರಿವಳಿಕೆಯಲ್ಲಿದ್ದಾಗ ಅವಳ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಅದು ನಡೆಯಲ್ಲ ಅಂತ ಕೋರ್ಟು ಅಂದಿತು. ಹೆದರಿಸಿ ತಗೊಂಡ ಒಪ್ಪಿಗೆಯೂ ಕಾನೂನಿಗೆ ಒಪ್ಪಿಗೆಯಲ್ಲ. ಕಾಲು ಹಿಡಿದು ಗಾಡಿಗೆ ಎತ್ತಿ ಹಾಕೋದಂತೂ ಅಲ್ಲವೇ ಅಲ್ಲ.

ಇದನ್ನ ನಾನು ಜೋರಾಗಿ ಹೇಳಬೇಕಾಗೋದು ಹೆರಿಗೆ ವಾರ್ಡಿನ ಬಾಗಿಲಲ್ಲಿ. ರಕ್ತಸ್ರಾವ ಆಗ್ತಿರೋ ಬಸುರಿ "ಮಾಡ್ರಿ, ನಂಗ ಉಳಿಸ್ರಿ" ಅಂತಿದ್ದರೆ, ಹೊರಗೆ ಅತ್ತೆ "ನಮ್ಮ ಹುಡುಗ ಪುಣೆಯಿಂದ ಬರ್ಲಿ" ಅಂತಿರ್ತಾಳೆ. ಹುಡುಗ ಬರೋದು ಬೇಕಿಲ್ಲ. ಆಕೆಯ ಸಹಿ ಸಾಕು, ಸಹಿ ಬರದಿದ್ದರೆ ಆಕೆಯ ಹೆಬ್ಬೆಟ್ಟು ಸಾಕು. ಮನೆಯವರ ಹತ್ತಿರ ಮಾತಾಡೋದು, ಸಮಾಧಾನ ಮಾಡೋದು ನಮ್ಮ ರೂಢಿ, ಅದು ಬೇಕು ಕೂಡ. ಆದರೆ ತೀರ್ಮಾನ ಆಕೆಯದು.

ಪ್ರಜ್ಞೆ ತಪ್ಪಿದವರು, ಜೊತೆಗೆ ಯಾರೂ ಇಲ್ಲ, ಕಾಯೋಕೆ ಹೊತ್ತಿಲ್ಲ, ಇಂಥಲ್ಲಿ ಡಾಕ್ಟರು ಒಪ್ಪಿಗೆ ಇಲ್ಲದೆಯೇ ಜೀವ ಉಳಿಸುವ ಕೆಲಸ ಮಾಡಬಹುದು. ಹೊಸ ನ್ಯಾಯ ಸಂಹಿತೆಯ 30ನೇ ಕಲಂ ಇರೋದೇ ಇದಕ್ಕೆ. ಚಿಕ್ಕ ಮಕ್ಕಳಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಅವರೂ ಬೇಡ ಅಂದು ಮಗುವಿನ ಜೀವಕ್ಕೇ ಕುತ್ತು ಬಂದರೆ ಆಸ್ಪತ್ರೆಯವರು ಮಕ್ಕಳ ಸಹಾಯವಾಣಿ 1098ಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬಹುದು.

ಕೊನೇ ಹಂತದ ಕ್ಯಾನ್ಸರ್‌ನಂಥ ಕಾಯಿಲೆಯವರು "ಇನ್ನು ವೆಂಟಿಲೇಟರ್ ಹಾಕಬ್ಯಾಡ್ರಿ" ಅಂದರೆ ಅದು ಹಟ ಅಲ್ಲ. ಅದನ್ನ ಮೊದಲೇ ಬರೆದಿಡಬಹುದು, ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದೆ. 2023ರಲ್ಲಿ ಅದನ್ನ ಸುಲಭ ಮಾಡಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಹತ್ತಿರ ದೃಢೀಕರಿಸಿದರೆ ಸಾಕು ಅಂದಿದೆ. ಬರೆದದ್ದನ್ನ ಟ್ರಂಕಿನ ತಳಕ್ಕೆ ಹಾಕಬೇಡಿ, ಮನೆಯಲ್ಲಿ ನಾಲ್ಕು ಮಂದಿಗೆ ಗೊತ್ತಿರಲಿ.

ಆರು: ಸಹಿ ಹಾಕಿ ಹೊರಡೋದೇ ಖಾತ್ರಿಯಾದರೆ

ಆಸ್ಪತ್ರೆಯಲ್ಲಿ ಇದಕ್ಕೆ ‘ಲಾಮಾ’ ಅಂತಾರೆ, ಕೆಲವು ಕಡೆ ‘ಡಾಮಾ’. ಡಾಕ್ಟರ ಮಾತಿಗೆ ವಿರುದ್ಧವಾಗಿ ಹೋಗ್ತಿದ್ದೇನೆ ಅನ್ನುವ ಕಾಗದ. ಸಿಟ್ಟಿನಲ್ಲಿ ಗೀಚಿ ಹೊರಡಬೇಡಿ. ಅದರಲ್ಲಿ ಏನು ಕಾಯಿಲೆ, ಬಿಟ್ಟುಹೋದರೆ ಏನಾಗಬಹುದು ಅಂತ ಬರೆದಿದೆಯಾ ನೋಡಿ. ಸುಮ್ನೆ ‘ನಮ್ಮ ಸ್ವಂತ ಜವಾಬ್ದಾರಿ ಮೇಲೆ’ ಅಂತ ಒಂದು ಸಾಲು ಇದ್ದರೆ ಅದು ನಿಮಗೂ ಕೆಲಸಕ್ಕೆ ಬಾರದು, ಆಸ್ಪತ್ರೆಗೂ ಬಾರದು. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿ. ಹೆಬ್ಬೆಟ್ಟು ಹಾಕುವವರಿಗೆ ಓದಿ ಹೇಳಲೇಬೇಕು. ಸಹಿ ಪೇಷಂಟಿನದು ಇರಲಿ, ಪಕ್ಕದಲ್ಲಿ ವೇಳೆ ಬರೆಸಿ.

ಬರಿಗೈಲಿ ಬರಬೇಡಿ. ಇಸಿಜಿ, ರಕ್ತದ ರಿಪೋರ್ಟು, ಸ್ಕ್ಯಾನು, ಕೊಟ್ಟ ಸೂಜಿಗಳ ಹೆಸರು ಮತ್ತು ಹೊತ್ತು, ಎಲ್ಲ ಕೇಳಿ ಪಡೆಯಿರಿ. ಇನ್ನೊಂದು ಆಸ್ಪತ್ರೆಯವರು ಮೊದಲು ಕೇಳೋದೇ ಇದನ್ನ. ಕೊಡಲ್ಲ ಅಂದರೆ ಬರೆದು ಅರ್ಜಿ ಕೊಡಿ, 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಿಯಮವಿದೆ. ಬಿಲ್ಲು ಬಾಕಿ ಅಂತ ಪೇಷಂಟನ್ನ ಕೂಡಿಹಾಕುವಂತಿಲ್ಲ. ಮನೆಗೆ ಬೇಕಾದ ಮಾತ್ರೆ ಬರೆಸಿಕೊಳ್ಳಿ. "ಸಹಿ ಮಾಡಿದೀವಿ, ಇನ್ನು ಆ ಆಸ್ಪತ್ರೆಗೆ ಹೋಗೋ ಹಂಗಿಲ್ಲ" ಅಂತ ಒಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಹಾಗೇನಿಲ್ಲ. ಒಂದು ಗಂಟೆ ಬಿಟ್ಟು ತಿರುಗಿ ಬಂದರೂ ನೋಡಲೇಬೇಕು.

ಏಳು: ಮನೆಯ ಮೊದಲ ರಾತ್ರಿ

ಒಬ್ಬರು ಎಚ್ಚರ ಇರಬೇಕು. ಫೋನ್ ಚಾರ್ಜ್ ಇರಲಿ, ರಾತ್ರಿ ಗಾಡಿ ಯಾರದು, ಕೀಲಿ ಎಲ್ಲಿ ಅಂತ ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ತಲೆಗೆ ಪೆಟ್ಟಾದವರನ್ನ ಎರಡು ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಿ. ಬಿದ್ದು, ಎದ್ದು, ಮಾತಾಡಿ, ಚಾ ಕುಡಿದು, ಮಲಗಿದವರು ಮತ್ತೆ ಏಳದೇ ಇರೋದು ನಿಜವಾಗಿ ಆಗುವಂಥದ್ದೇ, ಒಳಗೆ ನಿಧಾನಕ್ಕೆ ರಕ್ತ ಕೂಡುತ್ತಿರುತ್ತೆ. ಮೇಲಿಂದ ಮೇಲೆ ವಾಂತಿ, ಜಾಸ್ತಿಯಾಗ್ತಾ ಹೋಗುವ ತಲೆನೋವು, ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದು, ಮೂಗು ಕಿವಿಯಿಂದ ನೀರು, ಫಿಟ್ಸ್, ಇದರಲ್ಲಿ ಒಂದು ಕಂಡರೂ ಹೊರಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವ ಹಿರಿಯರಾದರೆ ಇನ್ನೂ ಹುಷಾರು. ಎದೆನೋವಿನವರಿಗೆ ಮತ್ತೆ ನೋವು, ಬೆವರು, ಉಸಿರು ಕಟ್ಟೋದು ಶುರುವಾದರೆ ಸೋಡಾ ಕುಡಿಸ್ತಾ ಕೂರಬೇಡಿ, ಬೈಕಿನಲ್ಲಿ ಅವರನ್ನೇ ಓಡಿಸೋಕೆ ಬಿಡಲೂಬೇಡಿ. ಶುಗರ್ ಇಳಿದಿದ್ದವರಿಗೆ ಊಟ ಮಾಡಿಸಿ ಮಲಗಿಸಿ, ನಡುರಾತ್ರಿ ಎಬ್ಬಿಸಿ ನೋಡಿ. ಮುಂದಿನ ಮಾತ್ರೆಯನ್ನ ಡಾಕ್ಟರನ್ನ ಕೇಳದೆ ಕೊಡಬೇಡಿ. ಹಾವು ಕಚ್ಚಿದವರಿಗೆ ರೆಪ್ಪೆ ಜೋತು ಬೀಳೋದು, ಎರಡೆರಡು ಕಾಣೋದು, ಒಸಡಲ್ಲಿ ರಕ್ತ, ಮೂತ್ರ ಕೆಂಪು ಅಥವಾ ಕಡಿಮೆ ಆಗೋದು, ಇದರಲ್ಲಿ ಒಂದು ಕಂಡರೂ ಹೊರಡಿ. ವಿಷ ಕುಡಿದವರಿಗೆ ಈ ಪಟ್ಟಿ ಇಲ್ಲ, ಅವರು ಮನೆಯಲ್ಲಿ ಇರಲೇಬಾರದು.

ಹಗಲು ಬೇಡ ಅಂದಿದ್ದವರು ರಾತ್ರಿ ಪ್ರಜ್ಞೆ ತಪ್ಪಿದರೆ, "ಅವರೇ ಬೇಡ ಅಂದಿದ್ರಲ್ಲ" ಅಂತ ಕೂರಬೇಡಿ, 108ಕ್ಕೆ ಮತ್ತೆ ಫೋನ್ ಮಾಡಿ. ಅವರೇ ಮನಸ್ಸು ಬದಲಾಯಿಸಿದರೂ ಅಷ್ಟೇ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ಕಾರಟಗಿ ಹತ್ತಿರದ ಒಬ್ಬ ಅಜ್ಜ ಸಂಜೆ ಏಳಕ್ಕೆ ನಮ್ಮನ್ನ ಬೈದು ವಾಪಸ್ ಕಳಿಸಿದ್ದ. ಎದೆನೋವು, ಆದರೆ ತಲೆ ನಮ್ಮೆಲ್ಲರಿಗಿಂತ ಚುರುಕು. ನಾಲ್ಕೂ ಪ್ರಶ್ನೆಗೆ ಉತ್ತರ ಕೊಟ್ಟ, ಸಹಿ ಹಾಕಿದ, ಹೋಗ್ರಿ ಅಂದ. ಮೊಮ್ಮಗನಿಗೆ ಏನೇನು ನೋಡಬೇಕು ಅಂತ ಹೇಳಿ ಬಂದೆವು. ರಾತ್ರಿ ಒಂದೂವರೆಗೆ ಅದೇ ಊರಿಂದ ಕರೆ. ಹೋದರೆ ಹುಡುಗ ಬಾಗಿಲಲ್ಲೇ ನಿಂತಿದ್ದ, "ಅಜ್ಜ ಈಗ ಬರ್ತೀನಿ ಅಂತಾನ್ರಿ, ನೀವ್ ಬೈತೀರಿ ಅಂತ ಅಂಜ್ಯಾನ."

ಅಜ್ಜ ಕಟ್ಟೆ ಮೇಲೆ ಕೂತಿದ್ದ, ರೇಷನ್ ಕಾರ್ಡು ಮಡಿಚಿ ಅಂಗಿ ಜೇಬಿಗೆ ಹಾಕಿಕೊಂಡು. ಚಪ್ಪಲಿ ಎಲ್ಲಿ ಯಜ್ಜಾ ಅಂತ ಮಾತ್ರ ಕೇಳಿದೆ.